ಹಣ್ಣು ಹೆಚ್ಚಿ ಕೊಡೋದು ಪ್ರೀತಿನಾ?

ಬಸ್ಸಲ್ಲಿ, ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕೇಳ್ತಿರೋರಿಗೂ ಸ್ವಾಗತ. ಹೆಚ್ಚುತ್ತಿರೋರು ಇವತ್ತು ಸ್ವಲ್ಪ ಜಾಸ್ತಿ ಗಮನ ಕೊಡಿ. ಯಾಕಂದ್ರೆ ಇವತ್ತಿನ ವಿಷಯ ಹೆಚ್ಚೋದರ ಬಗ್ಗೆನೇ.

ಕಳೆದ ತಿಂಗಳು ಅಕ್ಕನ ಮಗನನ್ನು ಒಂದು ಮೃಗಾಲಯಕ್ಕೆ ಕರ್ಕೊಂಡು ಹೋಗಿದ್ದೆ. ಅವನಿಗೆ ಏಳು ವರ್ಷ. ಸಿಂಗಳೀಕದ ಆವರಣದ ಮುಂದೆ ನಿಂತ್ವಿ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಒಂದು ಮೂಲೆಯಲ್ಲಿ ಕೂತು ತನ್ನ ತೋಳಿನ ಕೂದಲನ್ನು ಎಳೀತಾ ಇತ್ತು, ಮತ್ತೆ ಮತ್ತೆ, ಅದೇ ಜಾಗದಲ್ಲಿ. ಪಕ್ಕದ ಬೋಗುಣಿಯಲ್ಲಿ ನೀಟಾಗಿ ಹೆಚ್ಚಿಟ್ಟ ಹಣ್ಣಿತ್ತು. ಹುಡುಗ ಕೇಳಿದ: "ಮಾಮಾ, ಊಟ ಇದೆಯಲ್ಲಾ, ಆದ್ರೂ ಯಾಕೆ ಬೇಜಾರಾಗಿದೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಮನೆಗೆ ಬಂದು ಓದೋಕೆ ಶುರು ಮಾಡಿದೆ.

ಮೊದಲು ಕಾಡಿಗೆ ಹೋಗೋಣ. ಸಿಂಗಳೀಕ ಇರೋದು ಇಡೀ ಪ್ರಪಂಚದಲ್ಲಿ ನಮ್ಮ ಪಶ್ಚಿಮ ಘಟ್ಟದಲ್ಲಿ ಮಾತ್ರ. ಕರ್ನಾಟಕ, ಕೇರಳ, ತಮಿಳುನಾಡು, ಅಷ್ಟೇ. ಅಲ್ಲಿ ಅದರ ದಿನದ ದೊಡ್ಡ ಪಾಲು ಹೋಗೋದು ಊಟ ಹುಡುಕೋದರಲ್ಲಿ. ಯಾವ ಮರ ಹಣ್ಣು ಬಿಟ್ಟಿದೆ ಅಂತ ನೋಡಬೇಕು, ಗಟ್ಟಿ ಸಿಪ್ಪೆ ಒಡೀಬೇಕು, ತೊಗಟೆ ಕಿತ್ತು ಹುಳ ಹಿಡೀಬೇಕು, ಸಿಕ್ಕಿದ್ದನ್ನು ಕೆನ್ನೆಚೀಲಕ್ಕೆ ತುಂಬ್ಕೊಂಡು ಇನ್ನೊಂದು ಕೊಂಬೆಗೆ ಹಾರಬೇಕು. ಅದರ ಕೈ, ಹಲ್ಲು, ತಲೆ ಎಲ್ಲಾ ತಯಾರಾಗಿರೋದೇ ಈ ಕೆಲಸಕ್ಕೆ. ಈಗ ಅದೇ ಪ್ರಾಣಿಗೆ ಬೋಗುಣಿ ತುಂಬ ಹೆಚ್ಚಿದ ಹಣ್ಣು ಕೊಡಿ. ಹತ್ತು ನಿಮಿಷಕ್ಕೆ ಊಟ ಮುಗೀತು. ಉಳಿದ ದಿನ ಏನ್ ಮಾಡಬೇಕು? 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಅಂತಾರಲ್ವಾ. ಇಲ್ಲಿ ಹೊನ್ನಿಗೇನೂ ಕೊರತೆ ಇಲ್ಲ, ಕೂತಿರೋದೇ ಕಷ್ಟ.

ಇದಕ್ಕೆ ಝೂಗಳು ಮಾಡೋ ಉಪಾಯದ ಹೆಸರು ಫೀಡಿಂಗ್ ಎನ್‌ರಿಚ್‌ಮೆಂಟ್. ಸರಳವಾಗಿ ಹೇಳಬೇಕಂದ್ರೆ, ಊಟದ ಜೊತೆ ಊಟ ಹುಡುಕೋ ಕೆಲಸವನ್ನೂ ಕೊಡೋದು.

ನಾನು ಬಿ.ಕಾಂ. ಓದಿದವನು. ಕಮ್ಮಿ ಖರ್ಚಲ್ಲಿ ಅದೇ ವಸ್ತು ಸಿಕ್ಕರೆ ಯಾರಾದ್ರೂ ಅದನ್ನೇ ಆರಿಸ್ತಾರೆ ಅಂತ ನಮಗೆ ಕಲಿಸಿದ್ರು. ಆದ್ರೆ 1963ರಲ್ಲಿ ಗ್ಲೆನ್ ಜೆನ್ಸನ್ ಅನ್ನೋ ಮನಶ್ಶಾಸ್ತ್ರಜ್ಞ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದ. ಪಕ್ಕದಲ್ಲೇ ತಟ್ಟೆಯಲ್ಲಿ ಪುಕ್ಕಟೆ ಊಟ ಇದ್ರೂ, ಎಷ್ಟೋ ಇಲಿಗಳು ಸನ್ನೆಕೋಲು ಒತ್ತಿ ದುಡಿದು ತಿಂದವು! ಇದಕ್ಕೆ ಕಾಂಟ್ರಾಫ್ರೀಲೋಡಿಂಗ್ ಅಂತಾರೆ. ಆಮೇಲೆ ಪಾರಿವಾಳ, ಕೋತಿ, ಹೀಗೆ ಬೇರೆ ಬೇರೆ ಪ್ರಾಣಿಗಳಲ್ಲೂ ಇದು ಕಂಡಿತು. ಮನೆ ಬೆಕ್ಕು ಮಾತ್ರ ಪುಕ್ಕಟೆ ತಟ್ಟೆ ಕಡೆಗೇ ಹೋಗುತ್ತೆ. ಬೆಕ್ಕು ಸಾಕಿರೋರಿಗೆ ಇದು ಹೊಸ ವಿಷಯ ಆಗಿರಲಿಕ್ಕಿಲ್ಲ. ಒಂದು ಷರತ್ತಿದೆ: ತೀರಾ ಹಸಿದ ಪ್ರಾಣಿಗೆ ಈ ಆಸಕ್ತಿ ಕಮ್ಮಿಯಾಗುತ್ತೆ. ಹಾಗಾಗಿ ಉಪವಾಸ ಕೆಡವಿ ಆಟ ಆಡಿಸೋದು ಎನ್‌ರಿಚ್‌ಮೆಂಟ್ ಆಗಲ್ಲ.

ಈಗ ಹೆಚ್ಚೋ ವಿಷಯ. ಸಣ್ಣ ತುಂಡು ಮಾಡಿದ್ರೆ ಗುಂಪಲ್ಲಿ ಎಲ್ಲರಿಗೂ ಪಾಲು ಸಿಗುತ್ತೆ, ಬಲಶಾಲಿ ಒಬ್ಬನೇ ಕಿತ್ಕೊಳಲ್ಲ ಅನ್ನೋ ನಂಬಿಕೆ ಇತ್ತು. 1989ರಲ್ಲಿ ಅಮೆರಿಕದ ಸಂಶೋಧಕರು ಇದನ್ನ ಪರೀಕ್ಷೆ ಮಾಡಿದ್ರು. ಯಾವ ಪ್ರಾಣಿ ಮೇಲೆ ಗೊತ್ತಾ? ನಮ್ಮ ಸಿಂಗಳೀಕದ ಮೇಲೆ! ಹಣ್ಣು, ತರಕಾರಿನ ಇಡಿಯಾಗಿ ಕೊಟ್ಟಾಗ ಅವು ತಿನ್ನೋದರಲ್ಲಿ ಹೆಚ್ಚು ಹೊತ್ತು ಕಳೆದವು, ಹೆಚ್ಚು ತಿಂದವು, ಹೆಚ್ಚು ಬಗೆಯ ಆಹಾರ ತಿಂದವು. ಯೋಚ್ನೆ ಮಾಡಿ, ಚಾಕು ಕೆಳಗಿಟ್ಟಿದ್ದಕ್ಕೇ ಇಷ್ಟು ಲಾಭ.

ಇನ್ನೊಂದು ಉದಾಹರಣೆ 1982ರದ್ದು. ನೆಲಕ್ಕೆ ದಪ್ಪಗೆ ಮರದ ಚಕ್ಕೆ ಹರಡಿ, ಅದರೊಳಗೆ ಕಾಳು ಚೆಲ್ಲಿದ್ರು. ಎಂಟು ಜಾತಿಯ ಕೋತಿ-ವಾನರಗಳ ಮೇಲೆ ನೋಡಿದ್ರು: ಹುಡುಕಾಟ ಹೆಚ್ಚಾಯ್ತು, ಜಗಳ ಕಮ್ಮಿಯಾಯ್ತು. ಗಲೀಜಾಗುತ್ತೆ ಅಂತ ಭಯ ಇತ್ತಲ್ವಾ? ದಿನ ಕಳೆದಂತೆ ಆ ಚಕ್ಕೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯೋದೇ ಕಷ್ಟವಾಯ್ತಂತೆ.

ಚಿಂಪಾಂಜಿಗಳಿಗೆ ಬೇರೆ ಆಟ. 1960ರಲ್ಲಿ ತಾಂಜಾನಿಯಾದ ಗೊಂಬೆಯಲ್ಲಿ ಜೇನ್ ಗುಡಾಲ್, ಚಿಂಪಾಂಜಿಗಳು ಹುಲ್ಲುಕಡ್ಡಿ ತೂರಿಸಿ ಹುತ್ತದಿಂದ ಗೆದ್ದಲು ಹಿಡಿಯೋದನ್ನ ನೋಡಿದ್ರು. ಇವತ್ತು ಎಷ್ಟೋ ಝೂಗಳಲ್ಲಿ ಸಿಮೆಂಟಿನ ಹುತ್ತ ಕಟ್ಟಿ, ಒಳಗೆ ಜೇನುತುಪ್ಪದಂಥದ್ದನ್ನು ಇಡ್ತಾರೆ. ಕಡ್ಡಿ ಆರಿಸಿ, ಎಲೆ ಕಿತ್ತು, ಅದ್ದಿ ನೆಕ್ಕೋ ಕೆಲಸ ಚಿಂಪಾಂಜಿದು.

ಬಾಳೆಹಣ್ಣಿನ ಕಥೆನೂ ಹೇಳಿಬಿಡ್ತೀನಿ. 2014ರಲ್ಲಿ ಇಂಗ್ಲೆಂಡಿನ ಪೇಂಟನ್ ಝೂ ತನ್ನ ಕೋತಿಗಳಿಗೆ ಬಾಳೆಹಣ್ಣು ನಿಲ್ಲಿಸಿ ತರಕಾರಿ ಹೆಚ್ಚಿಸಿತು. ಕಾರಣ ಇಷ್ಟೇ: ನಾವು ಬೆಳೆಯೋ ಹಣ್ಣು ನಮ್ಮ ನಾಲಿಗೆಗೆ ತಕ್ಕ ಹಾಗೆ ಸಿಹಿಯಾಗಿರೋದು. ಕಾಡುಹಣ್ಣಿನಲ್ಲಿ ಇಷ್ಟು ಸಕ್ಕರೆ ಇರಲ್ಲ, ನಾರು ಜಾಸ್ತಿ.

ಒಂದು ಮಾತು ನೇರವಾಗಿ ಹೇಳಬೇಕು. ಇದ್ಯಾವುದೂ ಕಾಡಿಗೆ ಸಮ ಅಲ್ಲ. ಅದೇ ಆಟಿಕೆ ದಿನಾ ಕೊಟ್ರೆ ಅದೂ ಬೋರಾಗುತ್ತೆ. ಪ್ರಾಣಿಪಾಲಕರು ದಿನಾ ಹೊಸದು ಯೋಚಿಸಬೇಕು, ಅದಕ್ಕೆ ಸಮಯ ಬೇಕು. ಬೋಗುಣಿ ಇಟ್ಟು ಹೋಗೋದು ಸುಲಭ.

ಅವತ್ತು ಸಂಜೆ ಹೊರಡೋ ಮುಂಚೆ ಅದೇ ಆವರಣದ ಹತ್ರ ಮತ್ತೆ ಹೋಗಿದ್ವಿ. ಪ್ರಾಣಿಪಾಲಕರೊಬ್ಬರು ತೂತು ಕೊರೆದ ಮರದ ದಿಮ್ಮಿಯಲ್ಲಿ ಕಡಲೆಕಾಯಿ ತುಂಬಿ ಒಳಗಿಟ್ರು. ಸಿಂಗಳೀಕ ಮೊದಲು ಬೋಗುಣಿಯಲ್ಲಿದ್ದ ಬಾಳೆಹಣ್ಣು ಎತ್ಕೊಂಡ್ತು, ಸುಳ್ಳು ಹೇಳಲ್ಲ. ಆಮೇಲೆ ದಿಮ್ಮಿ ಹತ್ರ ಬಂತು. ಬೆರಳು ಹಾಕಿ ನೋಡ್ತು, ಉರುಳಿಸಿತು, ತಲೆಕೆಳಗೆ ಮಾಡ್ತು. ನಾವಿದ್ದಷ್ಟು ಹೊತ್ತೂ ಅದರ ಕೈ ಮತ್ತೆ ತೋಳಿನ ಕೂದಲಿಗೆ ಹೋಗಲಿಲ್ಲ.

ಸ್ಕೂಲ್ ಟ್ರಿಪ್ಪಲ್ಲಿ ನಾನೂ ಕೋತಿಗೆ ಕಡಲೆಕಾಯಿ ಎಸೆದವನೇ. ಪ್ರೀತಿ ಅಂದ್ಕೊಂಡಿದ್ದೆ. ಝೂನಲ್ಲಿ ಪ್ರಾಣಿಗೆ ತಿನ್ನೋಕೆ ಕೊಡೋದು ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಅಂತ ಆಗ ಗೊತ್ತಿರಲಿಲ್ಲ. ನಾವು ಎಸೆದ ಪ್ರತಿ ಚಿಪ್ಸೂ ಪಾಲಕರು ಲೆಕ್ಕ ಹಾಕಿ ಕೊಟ್ಟ ಊಟವನ್ನ ಕೆಡಿಸುತ್ತೆ, ಅವರು ಕಷ್ಟಪಟ್ಟು ಕೊಟ್ಟ ಕೆಲಸವನ್ನೂ ಕಿತ್ಕೊಳ್ಳುತ್ತೆ.

ಹಾಗಾಗಿ ಮುಂದಿನ ಸಲ ಹೋದಾಗ ಎರಡೇ ಕೆಲಸ ಮಾಡಿ. ಏನೂ ಎಸೀಬೇಡಿ. ಮತ್ತೆ ಅಲ್ಲಿನ ಸಿಬ್ಬಂದಿನ ಕೇಳಿ: "ಸರ್, ಇವಕ್ಕೆ ಇವತ್ತು ಏನ್ ಕೆಲಸ ಕೊಟ್ಟಿದ್ದೀರಿ?" ನೋಡೋಕೆ ಬಂದವರು ಕೇಳೋಕೆ ಶುರು ಮಾಡಿದ್ರೆ ಬೋಗುಣಿ ಹೋಗಿ ದಿಮ್ಮಿ ಬರಬಹುದು.

ನಿಮ್ಮ ಝೂ ಅನುಭವ ವಾಯ್ಸ್ ನೋಟ್‌ನಲ್ಲಿ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.