ರಾಜೀನಾಮೆಯ ನಂತರ: ಅಂತುಳೆ ಪ್ರಕರಣ



ಭ್ರಷ್ಟಾಚಾರದ ಆರೋಪ ಹೊತ್ತ ಶಾಸಕರೊಬ್ಬರು ರಾಜೀನಾಮೆ ಕೊಟ್ಟರೆ ಪ್ರಕರಣ ಮುಗಿಯಿತು ಎಂದೇ ನಮಗೆ ಅನ್ನಿಸುತ್ತದೆ. ಮರುದಿನ ಪತ್ರಿಕೆಯಲ್ಲಿ ದಪ್ಪಕ್ಷರದ ಸುದ್ದಿ ಬರುತ್ತದೆ, ಹೊಸಬರ ಪ್ರಮಾಣವಚನ ನಡೆಯುತ್ತದೆ, ಆಮೇಲೆ ಎಲ್ಲರೂ ಮರೆಯುತ್ತಾರೆ. ಆದರೆ ಕೇಳಬೇಕಾದ ಪ್ರಶ್ನೆಗಳೆಲ್ಲ ರಾಜೀನಾಮೆಯ ನಂತರವೇ ಇರುತ್ತವೆ. ಅದನ್ನು ತೋರಿಸಲು ಮಹಾರಾಷ್ಟ್ರದ ಅಬ್ದುಲ್ ರಹಮಾನ್ ಅಂತುಳೆಯವರ ರಾಜಕೀಯ ಬದುಕನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಈ ವಿಷಯವನ್ನು ಒಂದು ಸಾಂಸ್ಕೃತಿಕ ಸಂಘದ ವೇದಿಕೆಯಲ್ಲೇ ಹೇಳಬೇಕೆಂದು ನಾನು ಬಯಸಿದ್ದಕ್ಕೆ ಕಾರಣವಿದೆ. ಅಂತುಳೆಯವರ ಕುರ್ಚಿ ಹೋದದ್ದು ಸಾಹಿತಿಗಳ, ಕಲಾವಿದರ ಹೆಸರಿನಲ್ಲಿ ಕಟ್ಟಿದ ಒಂದು ಟ್ರಸ್ಟಿನಿಂದ.

ಅಂತುಳೆ ಹುಟ್ಟಿದ್ದು 1929ರ ಫೆಬ್ರವರಿ 9ರಂದು, ಕೊಂಕಣದ ಕೊಲಾಬಾ ಜಿಲ್ಲೆಯ ಆಂಬೇತ್ ಎಂಬ ಹಳ್ಳಿಯಲ್ಲಿ. ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಕಲಿತು ಬ್ಯಾರಿಸ್ಟರ್ ಆಗಿ ಬಂದರು. 1962ರಲ್ಲಿ ವಿಧಾನಸಭೆಗೆ ಆರಿಸಿಬಂದು ಅಲ್ಲಿಂದ 14 ವರ್ಷ ಶಾಸಕರಾಗಿದ್ದರು, ನಡುವೆ ಮಂತ್ರಿಯೂ ಆದರು. ಕನ್ನಡಿಗರಾದ ನಮಗೆ ಅವರ ಹೆಸರು ಬೇರೆ ಕಾರಣಕ್ಕೂ ಗೊತ್ತಿರಬೇಕು. ಬೆಳಗಾವಿ ಮೈಸೂರು ರಾಜ್ಯದಲ್ಲೇ ಉಳಿಯಬೇಕು ಎಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಾಗ ಅದನ್ನು ಖಂಡಿಸಿ ಇಡೀ ಪುಸ್ತಕವೊಂದನ್ನೇ ಬರೆದವರು ಅವರು. ಆ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಸರ್ಕಾರಿ ವರದಿಯೊಂದನ್ನು ಎದುರಿಸಲು ಪುಸ್ತಕ ಬರೆಯುವಷ್ಟು ಓದು, ಶ್ರಮ, ಕಾನೂನಿನ ತಿಳಿವಳಿಕೆ ಆ ಶಾಸಕರಿಗಿತ್ತು. ಅವರ ಕತೆಯನ್ನು ಕೇಳುವಾಗ ಇದನ್ನು ನೆನಪಿಟ್ಟುಕೊಳ್ಳಿ. ಕಾನೂನು ಗೊತ್ತಿಲ್ಲದೆ ಎಡವಿದವರು ಅವರಲ್ಲ.

1977ರ ಚುನಾವಣೆಯ ಸೋಲಿನ ನಂತರ ಇಂದಿರಾ ಗಾಂಧಿಯವರನ್ನು ಬಿಟ್ಟುಹೋದವರು ಅನೇಕರು, ಅಂತುಳೆ ಉಳಿದರು. 1980ರಲ್ಲಿ ಕಾಂಗ್ರೆಸ್ ಮರಳಿ ಅಧಿಕಾರಕ್ಕೆ ಬಂದಾಗ, ಆ ಜೂನ್ ತಿಂಗಳಲ್ಲಿ ಅವರು ಮುಖ್ಯಮಂತ್ರಿಯಾದರು. ಮಹಾರಾಷ್ಟ್ರಕ್ಕೆ ಮುಖ್ಯಮಂತ್ರಿಯಾದ ಮುಸ್ಲಿಂ ನಾಯಕರು ಅವರೊಬ್ಬರೇ. ಕಡತ ಕಚೇರಿಯಲ್ಲಿ ಕೊಳೆಯುವುದು ಅವರಿಗೆ ಆಗುತ್ತಿರಲಿಲ್ಲ. ನಿರ್ಗತಿಕರಿಗೆ ಮಾಸಾಶನ ಕೊಡುವ ಯೋಜನೆ ತಂದರು. ಸಿಂಧುದುರ್ಗ, ಜಾಲ್ನಾ ಎಂಬ ಎರಡು ಹೊಸ ಜಿಲ್ಲೆಗಳನ್ನು ಮಾಡಿದರು. ತಮ್ಮ ಕೊಲಾಬಾ ಜಿಲ್ಲೆಗೆ ಶಿವಾಜಿಯ ರಾಜಧಾನಿಯ ನೆನಪಿನಲ್ಲಿ ರಾಯಗಡ ಎಂದು ಹೆಸರಿಟ್ಟರು. ಶಿವಾಜಿಯ ಭವಾನಿ ಖಡ್ಗವನ್ನು ಬ್ರಿಟನ್ನಿನಿಂದ ತರಿಸುತ್ತೇನೆ ಎಂದು ಸಾರಿದರು. ಜನರಿಗೆ ಅವರು ಹಿಡಿಸಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅದೇ ಅವಧಿಯಲ್ಲಿ ಅವರು ‘ಇಂದಿರಾ ಗಾಂಧಿ ಪ್ರತಿಭಾ ಪ್ರತಿಷ್ಠಾನ’ ಎಂಬ ಟ್ರಸ್ಟ್ ಕಟ್ಟಿದರು. ಸಾಹಿತ್ಯಕ್ಕೆ, ಕಲೆಗೆ ನೆರವು ನೀಡುವುದು ಅದರ ಘೋಷಿತ ಉದ್ದೇಶ. ಜೊತೆಗೆ ಇನ್ನೂ ಕೆಲವು ಟ್ರಸ್ಟುಗಳಿದ್ದವು. ಉದ್ದೇಶವನ್ನು ಯಾರೂ ತಪ್ಪು ಎನ್ನಲಾರರು. ಪ್ರಶ್ನೆ ಎದ್ದದ್ದು ಹಣ ಎಲ್ಲಿಂದ ಬಂತು ಎಂಬಲ್ಲಿ.

ಅದು ಅರ್ಥವಾಗಬೇಕಾದರೆ ಆಗಿನ ಸಿಮೆಂಟಿನ ಕತೆ ತಿಳಿದಿರಬೇಕು. ಆ ಕಾಲದಲ್ಲಿ ಮನೆ ಕಟ್ಟಿಸಿದ ಹಿರಿಯರಿಗೆ ಪರ್ಮಿಟ್ಟಿಗಾಗಿ ಕಚೇರಿಗೆ ಅಲೆದ ನೆನಪು ಇದ್ದೀತು. ಸಿಮೆಂಟಿನ ಬೆಲೆಯೂ ಹಂಚಿಕೆಯೂ ಸರ್ಕಾರದ ಕೈಯಲ್ಲಿದ್ದವು. ಉತ್ಪಾದನೆ ಕಡಿಮೆ, ಬೇಡಿಕೆ ಬಹಳ. ಕೇಂದ್ರ ಸರ್ಕಾರ ಪ್ರತಿ ರಾಜ್ಯಕ್ಕೂ ಇಂತಿಷ್ಟು ಎಂದು ಕೋಟಾ ಕೊಡುತ್ತಿತ್ತು, ರಾಜ್ಯ ಸರ್ಕಾರ ಅದನ್ನು ಹಂಚುತ್ತಿತ್ತು. ನಿಗದಿತ ಬೆಲೆಗೂ ಕಾಳಸಂತೆಯ ಬೆಲೆಗೂ ಅಜಗಜಾಂತರ. ಮುಂಬೈಯಂಥ ನಗರದಲ್ಲಿ ಬಹುಮಹಡಿ ಕಟ್ಟಡ ಏಳಿಸುವ ಬಿಲ್ಡರ್‌ಗೆ ಸರ್ಕಾರದ ಒಂದು ಹಂಚಿಕೆ ಪತ್ರ ಸಿಕ್ಕಿದರೆ ಅದು ಲಾಭವನ್ನೇ ಕೈಗಿಟ್ಟಂತೆ. ಹೀಗೆ ಪತ್ರ ಪಡೆದ ಬಿಲ್ಡರುಗಳು ಮುಖ್ಯಮಂತ್ರಿಯ ಟ್ರಸ್ಟುಗಳಿಗೆ ದೇಣಿಗೆ ಕೊಡುತ್ತಿದ್ದಾರೆ ಎಂಬುದು ಆರೋಪ. ಸಕ್ಕರೆ ಕಾರ್ಖಾನೆಗಳಿಂದಲೂ ಹಣ ಎತ್ತಲಾಗಿದೆ ಎಂಬ ದೂರು ಇತ್ತು.

1981ರ ಆಗಸ್ಟ್ 31ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಪತ್ರಕರ್ತ ಅರುಣ್ ಶೌರಿ ಇದನ್ನೆಲ್ಲ ದಾಖಲೆ ಸಮೇತ ಬರೆದರು. ಸಂಸತ್ತಿನಲ್ಲಿ ಗದ್ದಲವಾಯಿತು, ಮುಖ್ಯಮಂತ್ರಿ ಜಗ್ಗಲಿಲ್ಲ. ಅವರನ್ನು ಇಳಿಸಿದ್ದು ಮುಂಬೈ ಹೈಕೋರ್ಟು. ಸಿಮೆಂಟ್ ಹಂಚಿಕೆಯನ್ನು ಪ್ರಶ್ನಿಸಿ ಜನತಾ ಪಕ್ಷದ ಪಿ.ಬಿ. ಸಾಮಂತ್ ಮೊದಲಾದವರು ರಿಟ್ ಅರ್ಜಿ ಹಾಕಿದ್ದರು. 1982ರ ಜನವರಿಯಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿ ಲೆಂಟಿನ್, ಬಿಲ್ಡರುಗಳ ದೇಣಿಗೆಗೂ ಅವರಿಗೆ ಸಿಕ್ಕ ಸಿಮೆಂಟಿಗೂ ನಂಟಿದೆ ಎಂದರು. ಅಂತುಳೆ ರಾಜೀನಾಮೆ ಕೊಟ್ಟರು. ಮರುತಿಂಗಳ ಕೊನೆಗೆ ಕೇಂದ್ರ ಸರ್ಕಾರ ಸಿಮೆಂಟಿನ ಮೇಲಿನ ನಿಯಂತ್ರಣವನ್ನು ಅರ್ಧಂಬರ್ಧ ಸಡಿಲಿಸಿತು. 1989ರಲ್ಲಿ ಪೂರ್ತಿ ತೆಗೆಯಿತು. ಅಭಾವವಿರುವ ವಸ್ತು, ಅದನ್ನು ಹಂಚುವ ಅಧಿಕಾರ ಒಬ್ಬರ ಸಹಿಯಲ್ಲಿ: ಈ ಎರಡು ಕೂಡಿದಲ್ಲಿ ಭ್ರಷ್ಟಾಚಾರಕ್ಕೆ ಮಣ್ಣು ಹದವಾಗಿರುತ್ತದೆ. ಆಗ ಸಿಮೆಂಟು, ಆಮೇಲೆ ಅದಿರು, ಈಗ ನಿವೇಶನ.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಈ ವೇದಿಕೆ ಹತ್ತುತ್ತಿರಲಿಲ್ಲ. ಅಂತುಳೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು, ಶಾಸಕ ಸ್ಥಾನ ಬಿಡಲಿಲ್ಲ. ಈ ಒಂದು ಸಂಗತಿಯಿಂದ ದೇಶದ ಕಾನೂನೇ ಬೇರೆ ದಾರಿ ಹಿಡಿಯಿತು.

ಅವರ ಮೇಲೆ ಕ್ರಿಮಿನಲ್ ದೂರು ಕೊಟ್ಟವರು ಪೊಲೀಸರಲ್ಲ, ಸರ್ಕಾರವಲ್ಲ. ಮುಂಬೈಯ ಬಿಜೆಪಿ ನಾಯಕ ರಾಮದಾಸ ನಾಯಕ್ ಎಂಬವರು 1981ರ ಸೆಪ್ಟೆಂಬರಿನಲ್ಲೇ ಖಾಸಗಿ ದೂರು ದಾಖಲಿಸಿದ್ದರು. ಪ್ರಾಸಿಕ್ಯೂಷನ್‌ಗೆ ಅನುಮತಿ ಇಲ್ಲ ಎಂಬ ಕಾರಣಕ್ಕೆ ಅದು ನಿಲ್ಲಲಿಲ್ಲ. 1982ರ ಜುಲೈನಲ್ಲಿ ರಾಜ್ಯಪಾಲರು ಅನುಮತಿ ಕೊಟ್ಟ ಮೇಲೆ ಆಗಸ್ಟಿನಲ್ಲಿ ಮತ್ತೆ ವಿಶೇಷ ನ್ಯಾಯಾಧೀಶರ ಮುಂದೆ ದೂರು ಕೊಟ್ಟರು. ಆಗ ಅಂತುಳೆಯವರ ಪರ ಬಂದ ವಾದ ಹೀಗಿತ್ತು: ನಾನು ಈಗಲೂ ಶಾಸಕ, ಶಾಸಕನೂ ಸಾರ್ವಜನಿಕ ಸೇವಕ, ಆದ್ದರಿಂದ ವಿಧಾನಸಭೆಯ ಅನುಮತಿ ಬೇಕು. ವಿಶೇಷ ನ್ಯಾಯಾಧೀಶರು ಅದನ್ನು ಒಪ್ಪಿ 1983ರ ಜುಲೈನಲ್ಲಿ ಅವರನ್ನು ಬಿಡುಗಡೆ ಮಾಡಿದರು.

ನಾಯಕ್ ಸುಪ್ರೀಂ ಕೋರ್ಟಿಗೆ ಹೋದರು. 1984ರ ಫೆಬ್ರವರಿ 16ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ತೀರ್ಪುಗಳು ಇವತ್ತಿಗೂ ದಿನನಿತ್ಯ ಉಲ್ಲೇಖವಾಗುತ್ತಿವೆ. ಅಪರಾಧ ಇಡೀ ಸಮಾಜದ ಮೇಲೆ ನಡೆಯುವಂಥದು, ಆದ್ದರಿಂದ ಯಾವ ನಾಗರಿಕನಾದರೂ ಭ್ರಷ್ಟಾಚಾರದ ದೂರನ್ನು ನೇರವಾಗಿ ನ್ಯಾಯಾಲಯಕ್ಕೆ ತರಬಹುದು ಎಂದು ಪೀಠ ಹೇಳಿತು. ಯಾವ ಹುದ್ದೆಯನ್ನು ದುರುಪಯೋಗ ಮಾಡಿಕೊಂಡ ಆರೋಪವಿದೆಯೋ ಆ ಹುದ್ದೆ ಬಿಟ್ಟ ಮೇಲೆ ಅನುಮತಿಯ ಅಗತ್ಯವಿಲ್ಲ ಎಂದಿತು. ಇಷ್ಟೂ ಸರಿ. ಆದರೆ ಶಾಸಕ ಸಾರ್ವಜನಿಕ ಸೇವಕನಲ್ಲ ಎಂದೂ ಹೇಳಿತು. ಸರ್ಕಾರದ ಸಂಬಳಕ್ಕೆ ಒಳಪಟ್ಟವನಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಅಂತುಳೆಯವರ ತಕರಾರು ಬಿದ್ದುಹೋಯಿತು ನಿಜ, ಅದರ ಜೊತೆಗೆ ಲಂಚ ತಡೆ ಕಾನೂನಿನ ಬಲೆಯಿಂದ ದೇಶದ ಶಾಸಕರೆಲ್ಲ ಹೊರಗುಳಿದಂತಾಯಿತು. ಒಂದು ಬಾಗಿಲು ತೆರೆಯುವಾಗ ಇನ್ನೊಂದನ್ನು ಮುಚ್ಚಿದ ತೀರ್ಪು ಅದು. 1988ರ ಹೊಸ ಭ್ರಷ್ಟಾಚಾರ ತಡೆ ಕಾಯ್ದೆ ಸಾರ್ವಜನಿಕ ಸೇವಕರ ವ್ಯಾಖ್ಯೆಯನ್ನು ಹಿಗ್ಗಿಸಿದ್ದರಿಂದ ಆ ಕೊರತೆ ತುಂಬಿತು. ಸದನದಲ್ಲಿ ಮತ ಹಾಕಲು ಲಂಚ ತೆಗೆದುಕೊಂಡವರಿಗೆ ಸದನದ ಹಕ್ಕಿನ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಲು 2024ರ ಮಾರ್ಚ್ 4ರವರೆಗೆ ಕಾಯಬೇಕಾಯಿತು. 1998ರಲ್ಲಿ ಅದೇ ನ್ಯಾಯಾಲಯ ತದ್ವಿರುದ್ಧ ತೀರ್ಪು ಕೊಟ್ಟಿತ್ತು.

ಮತ್ತೆ 1984ಕ್ಕೆ ಬರೋಣ. ವಿಚಾರಣೆ ಬೇಗ ಮುಗಿಯಲಿ ಎಂದು ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ವಿಶೇಷ ನ್ಯಾಯಾಲಯದಿಂದ ಎತ್ತಿ ಮುಂಬೈ ಹೈಕೋರ್ಟಿಗೆ ಕೊಟ್ಟಿತು. ಅವಸರದಲ್ಲಿ ಮಾಡಿದ ಈ ಕೆಲಸವೇ ಮುಂದೆ ಮುಳುವಾಯಿತು. ಹೈಕೋರ್ಟಿನಲ್ಲಿ ಆರೋಪ ಹೊರಿಸುವ ಬಗ್ಗೆಯೇ ಮತ್ತೊಂದು ಸುತ್ತಿನ ಜಗಳ ನಡೆದು 1986ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಮಧ್ಯೆ ಬಂತು. ಪ್ರಾಸಿಕ್ಯೂಷನ್ ಪರ 57 ಸಾಕ್ಷಿಗಳ ವಿಚಾರಣೆಯಾಯಿತು. ಅಷ್ಟರಲ್ಲಿ ಅಂತುಳೆಯವರ ವಕೀಲರು ಹೊಸ ಪ್ರಶ್ನೆ ಎತ್ತಿದರು: ಇಂಥ ಮೊಕದ್ದಮೆ ವಿಶೇಷ ನ್ಯಾಯಾಧೀಶರ ಮುಂದೆಯೇ ನಡೆಯಬೇಕು ಎಂದು 1952ರ ಕಾಯ್ದೆ ಹೇಳುತ್ತದೆ, ಹೈಕೋರ್ಟಿಗೆ ಕಳಿಸಿದ್ದೇ ಕಾನೂನುಬಾಹಿರ, ಅದರಿಂದ ನಮಗೆ ಒಂದು ಮೇಲ್ಮನವಿಯ ಅವಕಾಶವೂ ತಪ್ಪಿದೆ. 1988ರ ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಅದನ್ನು ಒಪ್ಪಿತು. ತನ್ನ ತಪ್ಪಿನಿಂದ ಯಾರಿಗೂ ಅನ್ಯಾಯವಾಗಬಾರದು ಎಂದು ನ್ಯಾಯಾಲಯ ತನ್ನದೇ ಆದೇಶವನ್ನು ಹಿಂತೆಗೆದುಕೊಂಡಿತು. 57 ಸಾಕ್ಷಿಗಳ ಹೇಳಿಕೆ ಒಂದೇ ದಿನದಲ್ಲಿ ವ್ಯರ್ಥವಾಯಿತು.

ಆ ಪೀಠದಲ್ಲಿ ನಮ್ಮವರೊಬ್ಬರಿದ್ದರು, ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಅವರು ಭಿನ್ನಮತದ ತೀರ್ಪು ಬರೆದರು. ಅಂತಿಮವಾದ ತೀರ್ಪನ್ನು ಇನ್ನೊಂದು ಪೀಠ ಹೀಗೆ ಅಡ್ಡದಾರಿಯಿಂದ ಅಳಿಸಿಹಾಕಬಾರದು, ತಪ್ಪಿದ್ದರೆ ತಿದ್ದಲು ಪುನರ್ವಿಮರ್ಶೆಯ ದಾರಿ ಇದೆ ಎಂಬುದು ಅವರ ನಿಲುವು. ಆರೋಪಿಯ ಹಕ್ಕು ದೊಡ್ಡದು, ಬಹುಮತ ಅದನ್ನು ಕಾಪಾಡಿತು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ನನ್ನ ಮನಸ್ಸು ವೆಂಕಟಾಚಲಯ್ಯನವರ ಕಡೆಗೇ ಇದೆ. ನಾಲ್ಕು ವರ್ಷ ನಡೆದ ವಿಚಾರಣೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿ ಎಂದರೆ ಸಾಕ್ಷಿಗಳ ನೆನಪು, ದೂರುದಾರನ ಕಸುವು, ಜನರ ಆಸಕ್ತಿ ಎಲ್ಲವೂ ಸೋತುಹೋಗುತ್ತವೆ.

ಹಾಗೆಯೇ ಆಯಿತು, ಮೊಕದ್ದಮೆ ಎಳೆಯುತ್ತಲೇ ಹೋಯಿತು. ಶೀಘ್ರ ವಿಚಾರಣೆ ಪ್ರತಿಯೊಬ್ಬ ಆರೋಪಿಯ ಮೂಲಭೂತ ಹಕ್ಕು, ಆದರೆ ಅದಕ್ಕೆ ಇಂತಿಷ್ಟೇ ವರ್ಷ ಎಂದು ಗಡುವು ಹಾಕಲಾಗದು ಎಂಬ ಇನ್ನೊಂದು ಹೆಸರಾಂತ ತೀರ್ಪು ಬಂದದ್ದು 1991ರ ಡಿಸೆಂಬರಿನಲ್ಲಿ, ಅದೂ ಇದೇ ಅಂತುಳೆ ಪ್ರಕರಣದಲ್ಲಿ. ಮಂಗಳೂರು ನಗರಪಾಲಿಕೆಯ ನೌಕರರೊಬ್ಬರ ಮೇಲಿನ ಅಕ್ರಮ ಆಸ್ತಿ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದಾಗ, 2002ರಲ್ಲಿ ಏಳು ನ್ಯಾಯಮೂರ್ತಿಗಳು ಅದನ್ನೇ ಎತ್ತಿಹಿಡಿದರು. ದೂರುದಾರ ರಾಮದಾಸ ನಾಯಕ್ ಅವರನ್ನು 1994ರ ಆಗಸ್ಟಿನಲ್ಲಿ ಮುಂಬೈಯಲ್ಲಿ ಬಂದೂಕುಧಾರಿಗಳು ಗುಂಡಿಕ್ಕಿ ಕೊಂದರು. ಆ ಕೊಲೆಗೂ ಈ ಮೊಕದ್ದಮೆಗೂ ಗಂಟು ಹಾಕುವುದು ತಪ್ಪಾಗುತ್ತದೆ. ಆದರೆ ಒಬ್ಬ ಮನುಷ್ಯ ಹೊತ್ತು ನಡೆದ ದೂರು ಅವನ ಆಯುಸ್ಸಿಗಿಂತ ಉದ್ದವಾಗಿತ್ತು ಎಂಬುದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ಅಂತುಳೆ ಮಾತ್ರ ಮತ್ತೆ ಮೇಲೆ ಬಂದರು. 1989ರಲ್ಲಿ ಲೋಕಸಭೆಗೆ ಗೆದ್ದರು. 1995ರಲ್ಲಿ ನರಸಿಂಹ ರಾವ್ ಸರ್ಕಾರದಲ್ಲಿ ಆರೋಗ್ಯ ಮಂತ್ರಿ, 2006ರಲ್ಲಿ ಮನಮೋಹನ್ ಸಿಂಗ್ ಸರ್ಕಾರದಲ್ಲಿ ಅಲ್ಪಸಂಖ್ಯಾತ ವ್ಯವಹಾರಗಳ ಮಂತ್ರಿ. 2009ರಲ್ಲಿ ಸೋತರು. 2014ರ ಡಿಸೆಂಬರ್ 2ರಂದು, 85ನೆಯ ವಯಸ್ಸಿನಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಈ ಮೊಕದ್ದಮೆಯಲ್ಲಿ ಅವರು ಅಪರಾಧಿ ಎಂಬ ಅಂತಿಮ ತೀರ್ಪು ಬರಲೇ ಇಲ್ಲ. ಹೀಗಾಗಿ ನಾನೂ ಅವರನ್ನು ಅಪರಾಧಿ ಎಂದು ಕರೆಯುವುದಿಲ್ಲ. ಅವರು ನಿರಪರಾಧಿಯಾಗಿದ್ದರೆ ಆ ಮಾತನ್ನು ಸಕಾಲದಲ್ಲಿ ಕೇಳುವ ಹಕ್ಕು ಅವರಿಗಿತ್ತು. ಅಲ್ಲವಾಗಿದ್ದರೆ ಅದನ್ನು ತಿಳಿಯುವ ಹಕ್ಕು ಮಹಾರಾಷ್ಟ್ರದ ಜನರಿಗಿತ್ತು. ಇಬ್ಬರಿಗೂ ಅದು ದಕ್ಕಲಿಲ್ಲ.

ನಮ್ಮ ರಾಜ್ಯದ ಕಡೆಗೂ ಒಂದು ಮಾತು. 2011ರ ಜುಲೈ ಕೊನೆಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂದ ಬೆನ್ನಿಗೇ ಬಿ.ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಅಲ್ಲೂ ಚರ್ಚೆಯ ಕೇಂದ್ರದಲ್ಲಿದ್ದದ್ದು ಗಣಿ ಕಂಪನಿಯಿಂದ ಒಂದು ಟ್ರಸ್ಟಿಗೆ ಬಂದ ದೇಣಿಗೆ. 2016ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು. ತೀರ್ಪು ನಮಗೆ ಹಿಡಿಸಲಿ ಬಿಡಲಿ, ತೀರ್ಪು ಎಂಬುದೊಂದು ಬಂತು. ಅಂತುಳೆ ಪ್ರಕರಣದಲ್ಲಿ ಸಕಾಲದಲ್ಲಿ ಸಿಗದೇ ಹೋದದ್ದು ಅದೇ.

ಕೊನೆಯದಾಗಿ, ಇಲ್ಲಿ ಕೂತಿರುವ ಸಾಹಿತ್ಯ, ಕಲೆ, ರಂಗಭೂಮಿಯ ಗೆಳೆಯರಲ್ಲಿ ಒಂದು ವಿನಂತಿ. ನಮ್ಮ ಹೆಸರಿನಲ್ಲಿ ಹಣ ಎತ್ತುವುದು ಸುಲಭ. ಕಲೆಗೆ ಕೊಟ್ಟ ದೇಣಿಗೆ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ, ಕೇಳಿದರೆ ಕಲಾವಿರೋಧಿ ಎನ್ನುತ್ತಾರೆ. ಆದ್ದರಿಂದ ಆ ಪ್ರಶ್ನೆಯನ್ನು ನಾವೇ ಕೇಳಬೇಕು. ಶಾಸಕರ ಶಿಫಾರಸಿನಿಂದ ಬಂದ ಅನುದಾನವಿರಲಿ, ಗುತ್ತಿಗೆದಾರರು ಕೊಟ್ಟ ಪ್ರಶಸ್ತಿಯ ಮೊತ್ತವಿರಲಿ, ಕೊಟ್ಟವರು ಯಾರು, ಅವರ ಯಾವ ಕಡತ ಯಾವ ಕಚೇರಿಯಲ್ಲಿದೆ ಎಂದು ವಿಚಾರಿಸಿ ನಂತರ ಸ್ವೀಕರಿಸಿ. ಸಂಘದ ವಾರ್ಷಿಕ ಸಭೆಗೆ ತಪ್ಪದೆ ಬನ್ನಿ. ದೇಣಿಗೆದಾರರ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ನಿಮ್ಮೂರಿನ ಶಾಸಕರ ಮೇಲೆ ಮೊಕದ್ದಮೆ ಇದ್ದರೆ, ಅವರು ರಾಜೀನಾಮೆ ಕೊಟ್ಟ ಮೇಲೂ ಮುಂದಿನ ವಿಚಾರಣೆ ಯಾವ ದಿನ ಎಂದು ಕೇಳುತ್ತಲೇ ಇರಿ.