ನೆರೆಮನೆಯ ಜಮಾಖರ್ಚು

(ಸುಲ್ತಾನ್ ಬಜಾರಿನಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ, ವಿದ್ಯಾರ್ಥಿ ಸಹಾಯ ನಿಧಿಯ ಹೊಸ ನಿಯಮಗಳ ಚರ್ಚೆಯ ಕಾಲಕ್ಕೆ ನಿಧಿಯ ಮಾಜಿ ಖಜಾಂಚಿಯೊಬ್ಬರು ಮಾಡಿದ ಭಾಷಣ.)



ಹೊಸ ನಿಯಮಗಳ ಕರಡನ್ನು ಕಾರ್ಯದರ್ಶಿಗಳು ಈಗತಾನೇ ಓದಿದರು. ಅದರ ನಾಲ್ಕನೆಯ ಕಲಮಿನ ವಿಷಯವಾಗಿ ಎರಡು ಮಾತಾಡಲು ಅಪ್ಪಣೆ ಬೇಡುತ್ತೇನೆ. ಮಕ್ಕಳ ಫೀಸಿಗೆ ಸಹಾಯ ಕೇಳುವವರ ಮನೆಗೆ ಸಮಿತಿಯ ಇಬ್ಬರು ಹೋಗಿ ನೋಡತಕ್ಕದ್ದು. ಅಲ್ಲಿ ದೊಡ್ಡ ಟಿ.ವಿ., ಬೈಕು, ಬೆಲೆಬಾಳುವ ಫೋನು ಇವುಗಳಲ್ಲಿ ಯಾವುದೊಂದು ಕಂಡರೂ ಅರ್ಜಿಯನ್ನು ತಳ್ಳಿಹಾಕತಕ್ಕದ್ದು ಎಂದು ಆ ಕಲಮು ಹೇಳುತ್ತದೆ. ಬರೆದವರ ಉದ್ದೇಶ ಒಳ್ಳೆಯದೇ. ನಿಧಿಯ ಹಣವೆಂದರೆ ಹೋಟೆಲಿನಲ್ಲಿ ಎಂಜಲೆಲೆ ಎತ್ತಿದವರ, ಮಿಲ್ಲಿನಲ್ಲಿ ರಾತ್ರಿಪಾಳಿ ದುಡಿದವರ ಬೆವರು. ಅದು ಪೋಲಾಗಬಾರದು. ಆದರೆ ಇಂಥ ಕಲಮು ಕಾಗದದ ಮೇಲೆ ಬರುವುದಕ್ಕೆ ಎಷ್ಟೋ ಮೊದಲೇ ಅದರಂತೆ ನಡೆದು ತಪ್ಪುಮಾಡಿದವನು ನಾನು. ಅದನ್ನು ಹೇಳಿಬಿಡುತ್ತೇನೆ.

ಬ್ರಿಟಿಷ್ ರೆಸಿಡೆನ್ಸಿಯ ಕೈಯಲ್ಲಿದ್ದ ಈ ಬಜಾರು 1933ರಲ್ಲಿ ನಿಜಾಮರಿಗೆ ಮರಳಿ, ಸುಲ್ತಾನ್ ಬಜಾರ್ ಎಂಬ ಹೆಸರು ಪಡೆಯಿತು. ಇಲ್ಲಿ ಬಟ್ಟೆ, ಬಳೆ, ಪಾತ್ರೆ ಕೊಳ್ಳದ ಸಂಸಾರ ನಗರದಲ್ಲಿ ವಿರಳ. ಕೊಂಡವರು ಕಾಫಿಗೆ ಬರುತ್ತಾರೆ. ಗಲ್ಲಾದಲ್ಲಿ ಕುಳಿತ ನನಗೆ ಚೀಲ ನೋಡಿಯೇ ಯಾರು ಎಷ್ಟು ಸುರಿದರೆಂದು ಹೇಳುವ ವಿದ್ಯೆ ಬಂದಿತ್ತು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಡಿಗೆಯವರೂ ಸಪ್ಲೈಯರುಗಳೂ ಸೇರಿದರೆ ಅದೇ ಮಾತು: ಅವನ ಸಂಬಳವೆಷ್ಟು, ಅವನ ಹೆಂಡತಿಯ ಬಳೆಯೆಷ್ಟು. ಕಾಸಿಲ್ಲದೆ ಸಿಕ್ಕುವ ವಿನೋದ ನಮಗೆ ಅದೊಂದೇ ಇತ್ತೆನ್ನಿ.

1987ರ ಜೂನ್ ತಿಂಗಳು. ಗುಲ್ಬರ್ಗಾ ಕಡೆಯ ಒಬ್ಬ ತಾಯಿ ಅರ್ಜಿ ತಂದರು. ಆ ಊರಿಗೆ ಕಲಬುರಗಿ ಎಂಬ ಹೆಸರಾದದ್ದು 2014ರಲ್ಲಿ. ಗಂಡ ಮಿಲ್ಲಿನಲ್ಲಿದ್ದು ತೀರಿಕೊಂಡಿದ್ದ. ಆಕೆ ನಾಲ್ಕು ಮನೆಯ ಪಾತ್ರೆ ತಿಕ್ಕಿ, ಮದುವೆಮನೆಗಳಲ್ಲಿ ರೊಟ್ಟಿ ಬಡಿದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದರು. ಹತ್ತನೆಯ ತರಗತಿ ಪಾಸಾದ ಹುಡುಗನನ್ನು ಇಂಟರಿಗೆ ಸೇರಿಸಲು ಮುನ್ನೂರು ರೂಪಾಯಿ ಬೇಕಾಗಿತ್ತು. ಸಮಿತಿಯಲ್ಲಿ ನಾವು ಐವರು. ಒಬ್ಬರೆಂದರು: “ಈ ಅಮ್ಮ ಯುಗಾದಿ ಕೂಟಕ್ಕೆ ಜರಿಯಂಚಿನ ರೇಷ್ಮೆ ಸೀರೆ ಉಟ್ಟು ಬಂದಿರಲಿಲ್ಲವೇ?” ನಾನೂ ಕಂಡಿದ್ದೆ. ನನ್ನ ಹೆಂಡತಿಗೇ ಅಂಥದೊಂದು ಇರಲಿಲ್ಲವೆಂಬುದೂ ನೆನಪಾಯಿತು. ಮುಚ್ಚಿಡುವುದೇಕೆ, ಆ ನೆನಪೇ ನನ್ನ ಕೈಯಿಂದ ಅರ್ಜಿಯ ಮೇಲೆ ‘ಅವಶ್ಯವಿಲ್ಲ’ ಎಂದು ಬರೆಸಿತು.

ಆಗಸ್ಟಿನಲ್ಲೊಂದು ಗುರುವಾರ ಪುರಾನಾಪುಲಿನ ಹತ್ತಿರದ ಜುಮೇರಾತ್ ಬಜಾರಿಗೆ ಹೋದೆ. ಹಳೆಯ ಸಾಮಾನಿನ ಸಂತೆ ಅದು, ತಮಗೆಲ್ಲ ಗೊತ್ತಿದ್ದದ್ದೇ. ಹೋಟೆಲಿಗೊಂದು ಹಂಡೆ ನೋಡುತ್ತೇನೆಂದು ಹೇಳಿ ಹೊರಟಿದ್ದೆ. ನಿಜವಾಗಿ ಬೇಕಾಗಿದ್ದದ್ದು ನನಗೊಂದು ಪ್ಯಾಂಟು. ಹಳೆ ಬಟ್ಟೆಯ ರಾಶಿಯ ಮುಂದೆ ಆ ತಾಯಿ ನಿಂತಿದ್ದರು. ಕೈಯಲ್ಲಿ ಅದೇ ಸೀರೆ. ಜರಿಯಲ್ಲಿ ಬೆಳ್ಳಿಯಿದೆಯೋ ಇಲ್ಲವೋ ಎಂದು ವ್ಯಾಪಾರಿ ಉಗುರಿನಿಂದ ಕೆರೆದು ನೋಡುತ್ತಿದ್ದ. ಅವನಿಂದಲೇ ನಲವತ್ತಕ್ಕೆ ಕೊಂಡದ್ದು, ಈಗ ಇಪ್ಪತ್ತೆರಡಕ್ಕೆ ಕೇಳುತ್ತಿದ್ದ. ನನ್ನ ಕೈಯಲ್ಲಿದ್ದ ಪ್ಯಾಂಟನ್ನು ನಾನು ರಾಶಿಗೆ ಹಾಕಿದೆ. ಆಕೆ ಸೆರಗು ಎಳೆದುಕೊಂಡರು. ಮೊದಲು ಮಾತಾಡಿದವರು ಆಕೆಯೇ: “ಅಣ್ಣಾರ, ಹರಕ ಸೀರಿ ಉಟ್ಟು ಬಂದಿದ್ರ ನಿಮ್ಮ ಸಾಲಿನ್ಯಾಗ ಕೂಡ್ರಿಸ್ತಿದ್ರೇನ್ರಿ?”

ನಮ್ಮ ಕಣ್ಣಿಗೆ ಅಗ್ಗವಾಗಬಾರದೆಂದು ಕೊಂಡ ಸೀರೆಯನ್ನೇ ನಾವು ಸಾಕ್ಷಿಯಾಗಿ ಹಿಡಿದಿದ್ದೆವು. ಹುಡುಗ ಅಷ್ಟರಲ್ಲಿ ಒಂದು ಹೋಟೆಲಿನಲ್ಲಿ ಕ್ಲೀನರಾಗಿ ಸೇರಿಯಾಗಿತ್ತು. ಸೀರೆ ಮಾರುತ್ತಿದ್ದದ್ದು ಚಿಕ್ಕವಳ ಪಠ್ಯಪುಸ್ತಕಕ್ಕೆ, ಅದೂ ಕೋಠಿಯ ಪಾದಚಾರಿ ದಾರಿಯಲ್ಲಿ ಸಿಗುವ ಹಳೆಯ ಪುಸ್ತಕಕ್ಕೆ. ಹಳೆಯ ಪುಸ್ತಕ ಕೊಂಡವನು ಜಾಣ, ಹಳೆಯ ಬಟ್ಟೆ ಕೊಂಡವನು ದರಿದ್ರ! ಈ ಭೇದ ಯಾರು ಮಾಡಿದರೋ ನಾನರಿಯೆ.

ಮುಂದಿನ ಸಭೆಯಲ್ಲಿ ನಡೆದುದನ್ನು ಹೇಳಿದೆ. ಸೀರೆಯ ಮಾತೆತ್ತಿದ್ದ ಅದೇ ಮಹನೀಯರು ಮುಖ ಸಿಂಡರಿಸಿ, “ಯಾರು ಉಟ್ಟುಬಿಟ್ಟದ್ದೋ, ಸತ್ತವರದೋ ಏನೋ, ಹಬ್ಬದ ದಿವಸ ಅದನ್ನುಟ್ಟು ಬರುವುದೇ?” ಎಂದರು. ಹೊಸದೆಂದು ತಿಳಿದಾಗ ದುಂದು, ಹಳೆಯದೆಂದು ತಿಳಿದಾಗ ಹೊಲಸು. ಮುಂದಿನ ವರ್ಷ ಕೊಡುತ್ತೇವೆಂದು ಹೇಳಿಕಳಿಸಿದೆವು. ಆಕೆ ಮತ್ತೆ ಅರ್ಜಿ ಹಾಕಲಿಲ್ಲ. ಹುಡುಗ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ.

ಪಡಿತರದ ಅಕ್ಕಿಯ ವಿಷಯದಲ್ಲೂ ಇದೇ ನಮ್ಮ ರೀತಿ. 1983ರಲ್ಲಿ ಎನ್.ಟಿ. ರಾಮರಾಯರ ಸರ್ಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡಲು ಆರಂಭಿಸಿದಾಗ, ಬೀದರ್-ಗುಲ್ಬರ್ಗಾ ಕಡೆಯ ಕೆಲವರು ಆ ಅಕ್ಕಿಯನ್ನು ಮಾರಿಕೊಳ್ಳುತ್ತಾರೆಂದು ನಾವು ಕರಾವಳಿಯವರು ಆಡಿಕೊಂಡದ್ದೇ ಆಡಿಕೊಂಡದ್ದು. ಮಾರುವುದು ಕಾನೂನಿಗೆ ವಿರುದ್ಧ. ಸರಿಯೆಂದು ನಾನು ಹೇಳುತ್ತಿಲ್ಲ. ಆದರೆ ಜೋಳದ ರೊಟ್ಟಿ ಉಂಡು ಬೆಳೆದ ಮನೆಗೆ ತಿಂಗಳಿಡೀ ಅನ್ನವೇ ಉಣ್ಣೆಂದರೆ ಹೇಗೆ? ಅಕ್ಕಿ ಕೊಟ್ಟ ದುಡ್ಡಿನಲ್ಲಿ ಅವರು ಜೋಳ ತರುತ್ತಿದ್ದರು. ಆ ದಪ್ಪಕ್ಕಿ ಇಡ್ಲಿಗೆ ಬಹಳ ಚೆನ್ನ. ಅದನ್ನು ಕೊಂಡವರು ಯಾರೆಂದು ಈ ಸಭೆಯಲ್ಲಿ ನಾನು ಕೇಳುವುದಿಲ್ಲ.

ಆಗ ದಪ್ಪಕ್ಕಿ ತಿನ್ನದೆ ಮಾರುತ್ತಾರೆಂದು ದೂರು. 2025ರ ಏಪ್ರಿಲ್‌ನಲ್ಲಿ ತೆಲಂಗಾಣದಲ್ಲಿ ತಲೆಗೆ 6 ಕಿಲೋ ಸಣ್ಣಕ್ಕಿ ಕೊಡಲು ತೊಡಗಿದಾಗ, ಬಡವರಿಗೂ ಸಣ್ಣಕ್ಕಿಯೇ ಎಂದು ದೂರು. ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯ ಬಂದಾಗ ಜನ ಸೋಮಾರಿಗಳಾದರೆಂದು ಊರಿಂದ ಬಂದವರೆಲ್ಲ ಹೇಳಿದರು. 2023ರಲ್ಲಿ ಅಲ್ಲಿ ಜೂನ್‌ಗೆ, ಇಲ್ಲಿ ಡಿಸೆಂಬರಿಗೆ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು, ಸುಮ್ಮನೆ ತಿರುಗುತ್ತಾರೆಂದರು. ನಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಒಬ್ಬಾಕೆ ತಿರುಗಿದ್ದು ನಿಜ: ಬಸ್ಸಿನ ಖರ್ಚು ತಪ್ಪಿದ್ದರಿಂದ ದೂರದ, ಹೆಚ್ಚು ಸಂಬಳದ ಕೆಲಸ ಹುಡುಕಿಕೊಂಡು ಹೋಗಿಬಿಟ್ಟಳು. ಧಣಿಗಳಿಗೆ ಕೋಪ ಬಂದದ್ದರ ಕಾರಣ ಅದು.

ನಾವೇನು ಯಾರಿಂದಲೂ ಏನೂ ಪಡೆಯದವರೇ? ಇ.ಎಸ್.ಐ. ಆಸ್ಪತ್ರೆಯಲ್ಲಿ ಔಷಧ ತರುವಾಗ ನಾವು ತಲೆತಗ್ಗಿಸುವುದಿಲ್ಲ. 2019ರ ಜುಲೈಯಿಂದ ಕೂಲಿಯ ನೂರು ರೂಪಾಯಿಗೆ ನಮ್ಮ ಪಾಲು ಮುಕ್ಕಾಲು ರೂಪಾಯಿ, ಧಣಿಯ ಪಾಲು ಮೂರೂಕಾಲು. ಅದು ಹಕ್ಕೆಂದು ಸಂಘಗಳು ನಮಗೆ ಕಲಿಸಿವೆ. ಪಕ್ಕದ ಮನೆಯವನ ಅಕ್ಕಿಯೂ ಹಾಗೆಯೇ ಎಂಬುದನ್ನು ಮಾತ್ರ ನಾವು ಕಲಿತಿಲ್ಲ.

ಮನೆ ಶೋಧಿಸುವ ಪದ್ಧತಿ ಹೊಸದೂ ಅಲ್ಲ. ಇಂಗ್ಲೆಂಡಿನಲ್ಲಿ 1931ರಲ್ಲಿ ನಿರುದ್ಯೋಗಿಗಳ ಭತ್ಯಕ್ಕೆ ‘ಮೀನ್ಸ್ ಟೆಸ್ಟ್’ ಎಂಬ ಪರೀಕ್ಷೆ ಹಾಕಿದರು. ಅಧಿಕಾರಿಗಳು ಮನೆಯೊಳಕ್ಕೆ ಬಂದು ಕುರ್ಚಿ ಮೇಜುಗಳನ್ನೂ ಮಕ್ಕಳ ಸಂಬಳವನ್ನೂ ಲೆಕ್ಕ ಹಿಡಿಯುತ್ತಿದ್ದರು. ಮಗ ದುಡಿದರೆ ತಂದೆಯ ಭತ್ಯ ಇಳಿಯುವುದು. ಆದುದರಿಂದ ದುಡಿಯುವ ಮಕ್ಕಳು ಮನೆ ಬಿಟ್ಟು ಬೇರೆ ಬಾಡಿಗೆಗೆ ಹೋದರು. 1941ರಲ್ಲಿ ಪಾರ್ಲಿಮೆಂಟು ಅದನ್ನು ತೆಗೆಯಬೇಕಾಯಿತು. ಸರ್ಕಾರವೇ ಕೈಬಿಟ್ಟ ಕೆಲಸವನ್ನು ನಮ್ಮ ಇಬ್ಬರು ಸದಸ್ಯರು ಭಾನುವಾರ ಬೆಳಿಗ್ಗೆ ಮಾಡಬಲ್ಲರೇ?

ಕರಡಿನಲ್ಲಿ ಬರೆದ ವಸ್ತುಗಳನ್ನೇ ನೋಡಿ. ರಾತ್ರಿ ಹನ್ನೆರಡಕ್ಕೆ ಹೋಟೆಲು ಮುಚ್ಚಿದರೆ ಸಪ್ಲೈಯರನು ಯಾವ ಬಸ್ಸಿನಲ್ಲಿ ಮನೆ ಸೇರಬೇಕು? ಅವನಿಗೆ ಬೈಕು ಐಷಾರಾಮವಲ್ಲ. 2020ರಲ್ಲಿ ಶಾಲೆಗಳೆಲ್ಲ ಮುಚ್ಚಿ ಪಾಠ ಫೋನಿನಲ್ಲಿ ನಡೆದಾಗ, ಸಾಲ ಮಾಡಿಯಾದರೂ ಒಳ್ಳೆಯ ಫೋನು ತನ್ನಿ ಎಂದು ಇದೇ ವೇದಿಕೆಯಿಂದ ನಾವು ಬುದ್ಧಿ ಹೇಳಲಿಲ್ಲವೇ? ಟಿ.ವಿ.ಯ ಕಂತು ಮುಗಿಯಿತೋ ಇಲ್ಲವೋ ಗೋಡೆ ನೋಡಿದರೆ ತಿಳಿಯುವುದಿಲ್ಲ.

ಮಿತ್ರರೊಬ್ಬರು ಆಗಲೇ ಕೇಳಿದರು, ತಂದೆ ಕುಡುಕನಾದರೆ ಏನು ಮಾಡುವಿರಿ ಎಂದು. ನ್ಯಾಯವಾದ ಪ್ರಶ್ನೆ. ಅಂಥ ಹತ್ತು ಮನೆ ನಾನೂ ಕಂಡಿದ್ದೇನೆ. ಆ ಮನೆಯ ಮಗುವಿಗೆ ಫೀಸು ಕೊಡದಿದ್ದರೆ ತಂದೆ ಕುಡಿಯುವುದನ್ನು ಬಿಡುವುದಿಲ್ಲ. ಮಗು ಶಾಲೆ ಬಿಡುತ್ತದೆ. ಹಣವನ್ನು ತಂದೆಯ ಕೈಗೆ ಕೊಡುವುದು ಬೇಡ. ಶಾಲೆಯ ಹೆಸರಿಗೆ ನೇರವಾಗಿ ಕಟ್ಟೋಣ, ರಸೀದಿ ತರಿಸೋಣ. ಹಣ ಸಾಲದಿದ್ದರೆ ಎಲ್ಲರಿಗೂ ಅರ್ಧರ್ಧ ಕೊಡೋಣ.

ಇದಕ್ಕೆ ತಕ್ಕಂತೆ ನಾಲ್ಕನೆಯ ಕಲಮನ್ನು ತಿದ್ದಿ ಬರೆದು ತಂದಿದ್ದೇನೆ: ಮಗು ಓದುತ್ತಿರುವುದಕ್ಕೆ ಶಾಲೆಯ ಪತ್ರ, ಫೀಸಿನ ಮೊತ್ತ, ಸಂಘದ ಸದಸ್ಯತ್ವ, ಇಷ್ಟೇ ಕೇಳತಕ್ಕದ್ದು. ಇದರ ಜೊತೆಗೆ ಸಹಾಯ ಪಡೆದವರ ಹೆಸರುಗಳನ್ನು ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕುವ ಪದ್ಧತಿಯನ್ನೂ ನಿಲ್ಲಿಸಬೇಕೆಂದು ಕೋರುತ್ತೇನೆ. ಕೊಟ್ಟವರ ಹೆಸರು ಬೇಕಾದರೆ ಬರಲಿ. ಉಳಿದ ಕಲಮುಗಳಿಗೆ ನನ್ನ ಒಪ್ಪಿಗೆಯಿದೆ. ತಿದ್ದುಪಡಿಯ ಪ್ರತಿಯನ್ನು ಕಾರ್ಯದರ್ಶಿಗಳ ಕೈಗೆ ಕೊಡುತ್ತಿದ್ದೇನೆ. ಅನುಮೋದಿಸುವವರು ಯಾರಾದರೂ ಇದ್ದರೆ ಏಳಬೇಕು.