ಸೊಂಟದ್ದು ಬೇರೆ, ಮೈದಾನದ್ದು ಬೇರೆ



ಆಯುಧಪೂಜೆಯ ದಿನ ನಿಮ್ಮ ಬಡಾವಣೆಯ ಪೊಲೀಸ್ ಠಾಣೆಯ ಮುಂದೆ ನೀವು ಹಾದುಹೋಗಿರಬಹುದು. ಜೀಪಿಗೆ ಬಾಳೆಕಂದು, ಲಾಠಿಗೆ ಕುಂಕುಮ, ಬಂದೂಕುಗಳಿಗೆ ಸೇವಂತಿಗೆ ಹಾರ. ಬೂದುಗುಂಬಳ ಒಡೆದದ್ದನ್ನು ನೋಡಿ ನಾವು ಮುಂದೆ ನಡೆಯುತ್ತೇವೆ. ಹನುಮಂತನಗರದಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ದಫೇದಾರರೊಬ್ಬರಿದ್ದಾರೆ. ಸಶಸ್ತ್ರ ಪಡೆಯಲ್ಲಿ ಹೊಸಬರಿಗೆ ಗುಂಡು ಹಾರಿಸುವುದನ್ನು ಕಲಿಸುತ್ತಿದ್ದವರು. ಅಂಥ ಒಂದು ಹಬ್ಬದ ಸಂಜೆ ರಾಮಾಂಜನೇಯ ಗುಡ್ಡದ ಮೆಟ್ಟಿಲ ಮೇಲೆ ಕುಳಿತಿದ್ದಾಗ ಅವರು ಒಂದು ಮಾತು ಹೇಳಿದರು. ಅವರ ಕೈಕೆಳಗೆ ಕಲಿತವರೆಲ್ಲ ಪಿಸ್ತೂಲಿನ ಮ್ಯಾಗಜೀನುಗಳನ್ನು ಎರಡು ಗುಂಪು ಮಾಡಿ ಇಡಬೇಕಾಗಿತ್ತಂತೆ. ಅಭ್ಯಾಸದ ಮೈದಾನಕ್ಕೆ ಒಂದು ಗುಂಪು, ಕರ್ತವ್ಯಕ್ಕೆ ಹೋಗುವಾಗ ಸೊಂಟದಲ್ಲಿರಲು ಇನ್ನೊಂದು. "ಕೆಳಗೆ ಬೀಳೋದು ಬೇರೆ ಸಾರ್, ಸೊಂಟದಲ್ಲಿರೋದು ಬೇರೆ. ಎರಡೂ ಒಂದೇ ಚೀಲದಲ್ಲಿ ಇಟ್ಟರೆ ನನ್ನ ಹತ್ರ ಏಟು ತಿಂತಿದ್ರು," ಎಂದರು.

ನಾನು ಭೌತಶಾಸ್ತ್ರ ಓದಿದವನು. ಕಾರಣ ಕೇಳದೆ ಇರಲಾಗಲಿಲ್ಲ. ಅವರು ಅನುಭವದಿಂದ ಹೇಳಿದ್ದಕ್ಕೆ ನಾನು ಪುಸ್ತಕದಿಂದ ಹುಡುಕಿದ ಕಾರಣಗಳನ್ನು ಜೋಡಿಸಿ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಪದವನ್ನೇ ನೋಡೋಣ. ನಿಮ್ಮ ಕೈಯಲ್ಲಿರುವ ಈ ಪುಸ್ತಿಕೆಯೂ ಒಂದು ಬಗೆಯ ಮ್ಯಾಗಜೀನೇ. ಉಗ್ರಾಣ ಎಂಬ ಅರ್ಥದ 'ಮಖ್ಜನ್' ಎಂಬ ಅರಬ್ಬೀ ಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಮ್ಯಾಗಜೀನ್ ಆಯಿತು. 1731ರಲ್ಲಿ ಲಂಡನ್ನಿನಲ್ಲಿ ಆರಂಭವಾದ 'ದಿ ಜಂಟಲ್‌ಮನ್ಸ್ ಮ್ಯಾಗಜೀನ್' ಬರಹಗಳ ಉಗ್ರಾಣ ಎಂಬ ಅರ್ಥದಲ್ಲಿ ಆ ಹೆಸರನ್ನು ಪತ್ರಿಕೆಗೆ ತಂದಿತು. ಮದ್ದುಗುಂಡು ಕೂಡಿಡುವ ಕಟ್ಟಡಕ್ಕೂ ಅದೇ ಹೆಸರು. ನಮ್ಮಲ್ಲಿ ಅದು ಮದ್ದಿನ ಮನೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಇಂಥ ಕಟ್ಟಡಗಳಿವೆ. ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಒಂದನ್ನು 2017ರಲ್ಲಿ ಕೆಡವದೆ ಇಡಿಯಾಗಿಯೇ ಪಕ್ಕಕ್ಕೆ ಸರಿಸಿ ಉಳಿಸಿಕೊಂಡರು. ಪಿಸ್ತೂಲಿನ ಹಿಡಿಯೊಳಗೆ ಜಾರಿ ಕೂರುವ ತಗಡಿನ ಪೆಟ್ಟಿಗೆ ಅಂಗೈಯಗಲದ ಮದ್ದಿನ ಮನೆಯೆನ್ನಬಹುದು.

ಈ ಪೆಟ್ಟಿಗೆಯಲ್ಲಿರುವುದು ಬಹಳ ಸರಳವಾದ ಸಲಕರಣೆ. ತಳದಲ್ಲಿ ಒಂದು ಸ್ಪ್ರಿಂಗ್, ಅದರ ಮೇಲೆ ಗುಂಡುಗಳನ್ನು ಎತ್ತಿಹಿಡಿಯುವ ಪುಟ್ಟ ತಟ್ಟೆ, ಬಾಯಿಯಲ್ಲಿ ಒಳಮುಖವಾಗಿ ಬಾಗಿದ ಎರಡು ತುಟಿಗಳು. ಸ್ಪ್ರಿಂಗ್ ಗುಂಡುಗಳನ್ನು ಮೇಲಕ್ಕೆ ನೂಕುತ್ತದೆ, ತುಟಿಗಳು ಅವು ಹಾರಿಹೋಗದಂತೆ ತಡೆಯುತ್ತವೆ. ನಮ್ಮ ಪೊಲೀಸರು ಮತ್ತು ಸೈನ್ಯದವರು ಬಹುಕಾಲದಿಂದ ಬಳಸಿದ 9 ಮಿ.ಮೀ. ಪಿಸ್ತೂಲು ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದದ್ದು. 1935ರ ಬ್ರೌನಿಂಗ್ ಹೈ-ಪವರ್ ಎಂಬ ಪಿಸ್ತೂಲು ಅದರ ಮೂಲ. ಅದರ ಮ್ಯಾಗಜೀನಿನಲ್ಲಿ 13 ಗುಂಡುಗಳು ಎರಡು ಸಾಲಾಗಿ ಒಂದಕ್ಕೊಂದು ಸಂದಿಯಲ್ಲಿ ಕೂತು, ಬಾಯಿಯ ಹತ್ತಿರ ಒಂದೇ ಸಾಲಾಗುತ್ತವೆ. ಸಿನಿಮಾ ಬಿಟ್ಟಾಗ ಎರಡು ಬಾಗಿಲ ಜನ ಒಂದು ಓಣಿಗೆ ನುಗ್ಗಿದಂತೆ. ತಿಕ್ಕಾಟ ಹೆಚ್ಚುವುದು ಅಲ್ಲೇ. ಎರಡನೆಯ ಮಹಾಯುದ್ಧದ ಸ್ಟೆನ್ ಗನ್ನಿನ ಮ್ಯಾಗಜೀನಿನಲ್ಲಿ 32 ಗುಂಡು ಹಿಡಿಯುತ್ತಿದ್ದರೂ ಸೈನಿಕರು ಎರಡೋ ನಾಲ್ಕೋ ಕಡಿಮೆ ತುಂಬುತ್ತಿದ್ದುದಕ್ಕೆ ಈ ಇಕ್ಕಟ್ಟೇ ಕಾರಣ.

ಒಂದು ಗುಂಡು ಹಾರಿದೊಡನೆ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಸರಿದು, ಖಾಲಿಯಾದ ಹಿತ್ತಾಳೆಯ ಕೋಶವನ್ನು ಹೊರಗೆಸೆದು, ಮರಳಿ ಮುಂದಕ್ಕೆ ಧಾವಿಸುತ್ತದೆ. ಮುಂದೆ ಬರುವಾಗ ಮ್ಯಾಗಜೀನಿನ ಬಾಯಲ್ಲಿ ಕಾದಿರುವ ಗುಂಡನ್ನು ತಳ್ಳಿಕೊಂಡು ನಳಿಗೆಗೆ ಸೇರಿಸಬೇಕು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ. ಆ ಅವಧಿಯಲ್ಲಿ ಸ್ಪ್ರಿಂಗ್ ಗುಂಡುಗಳ ಕಂಬವನ್ನೆಲ್ಲ ಒಂದು ಗುಂಡಿನ ದಪ್ಪದಷ್ಟು ಮೇಲೆತ್ತಿರಬೇಕು. ಸ್ಪ್ರಿಂಗ್ ಸೋತಿದ್ದರೆ ಗುಂಡು ಬಾಯಿಗೆ ಬರುವ ಮೊದಲೇ ಮೇಲ್ಭಾಗ ದಾಟಿ ಹೋಗಿರುತ್ತದೆ. ತುಟಿ ಕೂದಲೆಳೆಯಷ್ಟು ಅಗಲಿಸಿದ್ದರೆ ಗುಂಡು ವಾರೆಯಾಗಿ ನಿಂತು ಸಿಕ್ಕಿಕೊಳ್ಳುತ್ತದೆ. ಪಿಸ್ತೂಲು ಕೆಟ್ಟಿತೆಂದು ನಾವು ಬೈಯುವಾಗ ಅನೇಕ ಸಲ ಕೆಟ್ಟಿರುವುದು ಈ ತಗಡಿನ ಪೆಟ್ಟಿಗೆ.

ಇಲ್ಲೊಂದು ನಂಬಿಕೆಯನ್ನು ಪರೀಕ್ಷಿಸಬೇಕು. ಗುಂಡು ತುಂಬಿ ತಿಂಗಳುಗಟ್ಟಲೆ ಇಟ್ಟರೆ ಸ್ಪ್ರಿಂಗ್ ಒತ್ತಡದಲ್ಲೇ ಇದ್ದು ಸತ್ತುಹೋಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ನಮ್ಮ ದಫೇದಾರರೂ ಮೊದಲು ಹಾಗೆಯೇ ನಂಬಿದ್ದರಂತೆ. ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿಯ ನಿಯಮವನ್ನು ನೀವು ಪಿಯುಸಿಯಲ್ಲಿ ಓದಿದ್ದೀರಿ. ಬೇರೆಯವರು ಕದ್ದಾರೆಂಬ ಭಯಕ್ಕೆ 1676ರಲ್ಲಿ ಅವನು ಅದನ್ನು ಅಕ್ಷರಗಳ ಒಗಟಾಗಿ ಅಚ್ಚು ಹಾಕಿಸಿ, 1678ರಲ್ಲಿ ಒಗಟನ್ನು ತಾನೇ ಬಿಡಿಸಿದ. ಎಷ್ಟು ಎಳೆದರೆ ಅಥವಾ ಒತ್ತಿದರೆ ಅಷ್ಟಕ್ಕೆ ತಕ್ಕ ಬಲ. ಬಿಟ್ಟರೆ ಮೊದಲಿನ ಸ್ಥಿತಿ. ಆದರೆ ಒಂದು ಎಲ್ಲೆಯೊಳಗೆ ಮಾತ್ರ. ಒಳ್ಳೆಯ ಉಕ್ಕಿನ ಸ್ಪ್ರಿಂಗನ್ನು ಆ ಎಲ್ಲೆಯೊಳಗೆ ಒತ್ತಿಟ್ಟರೆ ನಮ್ಮ ಊರಿನ ಹವೆಯ ಉಷ್ಣತೆಯಲ್ಲಿ ಅದು ಬಹುಕಾಲ ಇದ್ದಂತೆಯೇ ಇರುತ್ತದೆ. ಕುಗ್ಗುವುದು ಬಹಳ ಕಡಿಮೆ. ಅದನ್ನು ದಣಿಸುವುದು ಮತ್ತೆ ಮತ್ತೆ ಒತ್ತಿ ಬಿಡುವ ಕೆಲಸ. ಕಾಗದಕ್ಕೆ ಸಿಕ್ಕಿಸುವ ತಂತಿ ಕ್ಲಿಪ್ಪನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ, ಹಿಂದಕ್ಕೂ ಮುಂದಕ್ಕೂ ಹತ್ತಿಪ್ಪತ್ತು ಸಲ ಬಗ್ಗಿಸಿ ನೋಡಿ. ಲೋಹದ ಈ ದಣಿವನ್ನು 19ನೆಯ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ಎಂಬ ಎಂಜಿನಿಯರು ರೈಲಿನ ಅಚ್ಚುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ ಅಳೆದ. ಅಚ್ಚು ಮುರಿಯುತ್ತಿದ್ದುದು ಭಾರ ಹೆಚ್ಚಾಗಿ ಅಲ್ಲ, ಹೊರಬಲ್ಲ ಭಾರವನ್ನೇ ಲೆಕ್ಕವಿಲ್ಲದಷ್ಟು ಸಲ ಹೊತ್ತು.

ಹಾಗಾದರೆ ಅಭ್ಯಾಸದ ಮೈದಾನದಲ್ಲಿ ಮ್ಯಾಗಜೀನಿನ ಪಾಡೇನು? ಬೆಳಗಿನಿಂದ ತುಂಬು, ಖಾಲಿ ಮಾಡು, ಮತ್ತೆ ತುಂಬು. ಖಾಲಿಯಾದದ್ದನ್ನು ಬೇಗ ಕಳಚಿ ಇನ್ನೊಂದನ್ನು ಸೇರಿಸುವ ಅಭ್ಯಾಸ ಮಾಡುವಾಗ ಮೊದಲಿನದು ನೆಲಕ್ಕೆ ಬೀಳುತ್ತದೆ. ನೆಲ ಸಿಮೆಂಟಾದರೆ ತುಟಿ ನೆಗ್ಗುತ್ತದೆ, ಮಣ್ಣಾದರೆ ಒಳಗೆ ಮರಳು ಹೊಗುತ್ತದೆ. ಮೇಲೆ ಯಾರದೋ ಬೂಟಿನ ಕಾಲು. ಇದರಲ್ಲಿ ತಪ್ಪೇನೂ ಇಲ್ಲ. ಕಲಿಯುವವನು ಸಲಕರಣೆ ಹಾಳಾದೀತೆಂದು ಹೆದರುತ್ತ ಕಲಿಯಬಾರದು. ಬೀಳಿಸಲೆಂದೇ ಒಂದು ಗುಂಪು ಬೇಕಾದದ್ದು ಅದಕ್ಕೇ. ಅವುಗಳಿಗೆ ದಫೇದಾರರು ಬಿಳಿ ಬಣ್ಣದಲ್ಲಿ ಅಂಕಿ ಬರೆಸುತ್ತಿದ್ದರು. ಅಂಕಿಯಿದ್ದರೆ ಇನ್ನೊಂದು ಉಪಯೋಗ. ಮೂರು ಸಲ ಗುಂಡು ಸಿಕ್ಕಿಕೊಂಡರೆ, ಮೂರೂ ಸಲ ನಾಲ್ಕನೆಯ ನಂಬರಿನದೇ ಎಂದು ಗೊತ್ತಾಗುತ್ತದೆ. ಅಂಕಿಯಿಲ್ಲದಿದ್ದರೆ ಮೊದಲು ಹುಡುಗನ ಕೈಯನ್ನು ಬೈಯುತ್ತೇವೆ, ಆಮೇಲೆ ಪಿಸ್ತೂಲನ್ನು.

ನನ್ನ ಕಸುಬಿನಲ್ಲೂ ಈ ಪಾಠವನ್ನು ನಾನು ಕೆಟ್ಟು ಕಲಿತೆ. ಕೆಲಸಕ್ಕೆ ಸೇರಿದ ಹೊಸತು. ಇದೇ ಗುಡ್ಡದ ಮೇಲೆ ಸೂರ್ಯಾಸ್ತದ ಹಿನ್ನೆಲೆಯಲ್ಲಿ ಹಿರಿಯ ಕಲಾವಿದರೊಬ್ಬರ ಸಂದರ್ಶನವಿತ್ತು. ಕ್ಯಾಮೆರಾ ಕಲಿಯುತ್ತಿದ್ದ ಹುಡುಗರು ಹಗಲೆಲ್ಲ ಬಳಸಿದ್ದ ಬ್ಯಾಟರಿಗಳು ಅದೇ ಚೀಲಕ್ಕೆ ವಾಪಸು ಬಂದಿದ್ದವು. ನೋಡಲು ಎಲ್ಲವೂ ಒಂದೇ. ಮೊದಲನೆಯದು ಸತ್ತಿತು, ಎರಡನೆಯದೂ ಸತ್ತಿತು, ಮೂರನೆಯದು ಏರಿಸುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಆ ಹಿರಿಯರು ನಕ್ಕು, "ಪರವಾಗಿಲ್ಲ, ನಾಳೆಯೂ ಮುಳುಗ್ತಾನೆ ಬಿಡಿ" ಎಂದರು. ಮರುದಿನದಿಂದ ನಮ್ಮ ಚೀಲದಲ್ಲಿ ಕೆಂಪು ಪಟ್ಟಿಯ ಬ್ಯಾಟರಿಗಳನ್ನು ಕಲಿಯುವವರು ಮುಟ್ಟುವಂತಿಲ್ಲ. ನನಗೆ ಮರುದಿನ ಸಿಕ್ಕಿತು. ಸೊಂಟದಲ್ಲಿ ಪಿಸ್ತೂಲಿರುವವನಿಗೆ ಸಿಗಲಾರದು.

ಬೇರ್ಪಡಿಸಿ ಇಟ್ಟರೆ ಮುಗಿಯಿತೇ? ಇಲ್ಲ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಪರೀಕ್ಷೆಗೆಂದು ನೀವು ಹೊಸ ಪೆನ್ನು ಕೊಳ್ಳುತ್ತೀರಿ. ಪೊಟ್ಟಣ ಬಿಚ್ಚದೆ ಜೋಪಾನವಾಗಿಟ್ಟು, ಪರೀಕ್ಷೆಯ ಕೊಠಡಿಯಲ್ಲಿ ಮೊದಲ ಸಲ ಬರೆದರೆ ಶಾಯಿಯೇ ಇಳಿಯುವುದಿಲ್ಲ! ಒಮ್ಮೆಯೂ ಬಳಸದ ಮ್ಯಾಗಜೀನ್ ಹೊಳೆಯಬಹುದು, ಆದರೆ ನಂಬಲಿಕ್ಕೆ ಬರುವುದಿಲ್ಲ. ಅದನ್ನೂ ಮೈದಾನಕ್ಕೆ ಒಯ್ದು, ಕರ್ತವ್ಯದಲ್ಲಿ ಬಳಸುವ ಬಗೆಯ ಗುಂಡನ್ನೇ ತುಂಬಿ ಹಾರಿಸಿ, ಒಮ್ಮೆಯೂ ತಡವರಿಸಲಿಲ್ಲವೆಂದು ಖಚಿತವಾದ ಮೇಲೆ ಬಿಚ್ಚಿ ಒರೆಸಿ ಸೊಂಟಕ್ಕೆ ಸೇರಿಸಬೇಕು. ಸೊಂಟದಲ್ಲಿ ಇರುವುದಕ್ಕೂ ಅದರದೇ ಶತ್ರುಗಳಿವೆ: ಬೆವರು, ಬಟ್ಟೆಯ ಹಿಂಜು, ಮಲೆನಾಡಿನಲ್ಲಾದರೆ ಮಳೆಗಾಲದ ತೇವ. ಆದುದರಿಂದ ಆಗಾಗ ತೆಗೆದು ನೋಡುವುದು ತಪ್ಪದು.

ಗುಂಡಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಿನವೂ ಕೆಲಸಕ್ಕೆ ಬಂದಾಗ ತುಂಬಿ, ಹೋಗುವಾಗ ಖಾಲಿ ಮಾಡುವವನು ಮೇಲಿನ ಅದೇ ಗುಂಡನ್ನು ಮತ್ತೆ ಮತ್ತೆ ನಳಿಗೆಗೆ ಏರಿಸುತ್ತಿರುತ್ತಾನೆ. ಪ್ರತಿಸಲವೂ ಮೊನೆಗೆ ಏಟು ಬಿದ್ದು ಅದು ಹಿತ್ತಾಳೆಯ ಕೋಶದೊಳಕ್ಕೆ ಸ್ವಲ್ಪ ಸ್ವಲ್ಪವೇ ಕುಸಿಯಬಹುದು. ಒಳಗಿನ ಜಾಗ ಕಡಿಮೆಯಾದರೆ ಮದ್ದು ಉರಿದಾಗ ಒತ್ತಡ ಏರುತ್ತದೆ, ಅಳತೆ ಮೀರಿದರೆ ಅಪಾಯ. ಅಂಥ ಗುಂಡನ್ನು ಪಕ್ಕದ ಗುಂಡಿನೊಡನೆ ನಿಲ್ಲಿಸಿ ಎತ್ತರ ಹೋಲಿಸಿದರೆ ಗೊತ್ತಾಗುತ್ತದೆ.

ಬೇರೆ ಬೇರೆ ಇಡುವುದಕ್ಕೆ ಇನ್ನೂ ದೊಡ್ಡ ಕಾರಣ ಒಂದಿದೆ. ಅದು ಭೌತಶಾಸ್ತ್ರದ್ದಲ್ಲ. ಗುಂಡಿಲ್ಲದೆ ಗುರಿ ಹಿಡಿಯುವುದನ್ನೂ ಕುದುರೆ ಎಳೆಯುವುದನ್ನೂ ಅಭ್ಯಾಸ ಮಾಡುವ ಪದ್ಧತಿ ಎಲ್ಲ ಪಡೆಗಳಲ್ಲಿ ಇದೆ. ದಫೇದಾರರ ಕಣ್ಣೆದುರಿಗೇ ಒಬ್ಬ ಹೊಸ ಹುಡುಗ ಹಾಗೆ ಅಭ್ಯಾಸ ಮಾಡುತ್ತ, ಚಹಾಕ್ಕೆಂದು ಎದ್ದುಹೋಗಿ ಬಂದ. ಬಂದವನು ಮೇಜಿನಿಂದ ಎತ್ತಿಕೊಂಡದ್ದು ಇನ್ನೊಂದು ಮ್ಯಾಗಜೀನು. ಗುಂಡು ಗೋಡೆಗೆ ಹೊಕ್ಕಿತು. ಆ ಗೋಡೆಗೆ ಒರಗಿ ಕೂರುತ್ತಿದ್ದ ಅಡಿಗೆಯವ ಆ ದಿನ ರಜೆಯ ಮೇಲಿದ್ದ. ಇದನ್ನು ಹೇಳುವಾಗ ದಫೇದಾರರು ದನಿ ತಗ್ಗಿಸಿದರು.

ನನ್ನಂಥ ಚಿತ್ರೀಕರಣದ ಮಂದಿ ಮರೆಯಬಾರದ ಪ್ರಸಂಗ ಅಮೆರಿಕೆಯ ನ್ಯೂ ಮೆಕ್ಸಿಕೊದ್ದು. 2021ರ ಅಕ್ಟೋಬರ್ 21ರಂದು 'ರಸ್ಟ್' ಚಿತ್ರದ ತಾಲೀಮಿನಲ್ಲಿ, ನೋಟಕ್ಕೆ ಮಾತ್ರ ಗುಂಡಿನಂತಿರುವ ಡಮ್ಮಿಗಳ ನಡುವೆ ನಿಜವಾದ ಗುಂಡು ಸೇರಿಹೋಗಿತ್ತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಪ್ರಾಣ ಕಳೆದುಕೊಂಡರು, ನಿರ್ದೇಶಕರು ಗಾಯಗೊಂಡರು. ಶಸ್ತ್ರಗಳ ಹೊಣೆ ಹೊತ್ತಿದ್ದವರಿಗೆ 2024ರಲ್ಲಿ ಸೆರೆವಾಸವಾಯಿತು. ಅಲ್ಲಿದ್ದದ್ದು ರಿವಾಲ್ವರು, ಅದಕ್ಕೆ ಮ್ಯಾಗಜೀನಿಲ್ಲ. ಆದರೆ ತಪ್ಪು ಅದೇ. ತಾಲೀಮಿನದೂ ನಿಜದ್ದೂ ಒಂದೇ ಕಡೆ ಬಂದದ್ದು.

ಕ್ರೀಡೆಗೆ ಬಂದರೆ, ಟೋಕಿಯೊ ಒಲಿಂಪಿಕ್ಸ್ ನಡೆದ 2021ರಲ್ಲಿ ಮನು ಭಾಕರ್ ಅವರ ಏರ್ ಪಿಸ್ತೂಲು ಅರ್ಹತಾ ಸುತ್ತಿನ ಮಧ್ಯೆ ಕೈಕೊಟ್ಟದ್ದು ನಿಮಗೆ ನೆನಪಿರಬಹುದು. ಅದನ್ನು ಸರಿಪಡಿಸುವುದರಲ್ಲಿ ಬಹಳ ಹೊತ್ತು ಹೋಯಿತು, ಗಡಿಯಾರ ನಿಲ್ಲಲಿಲ್ಲ, ಅಂತಿಮ ಸುತ್ತು ಎರಡು ಅಂಕಗಳಿಂದ ತಪ್ಪಿತು. 2024ರ ಪ್ಯಾರಿಸ್‌ನಲ್ಲಿ ಅವರು ಎರಡು ಕಂಚು ಗೆದ್ದರು. ನಡುವಿನ ಮೂರು ವರ್ಷ ಅವರು ಹೇಗೆ ಕಳೆದಿರಬಹುದೆಂದು ನಾನು ಆಗಾಗ ಯೋಚಿಸುತ್ತೇನೆ.

ನಿಮ್ಮಲ್ಲಿ ಎನ್.ಸಿ.ಸಿ. ಸೇರಿದವರು .22 ರೈಫಲ್ ಹಿಡಿದಿರುತ್ತೀರಿ. 'ಖಾಲಿ ಕರ್' ಎಂಬ ಆಜ್ಞೆ, ಆಮೇಲೆ ಒಬ್ಬೊಬ್ಬರ ರೈಫಲನ್ನೂ ಇಣುಕಿ ನೋಡುವ ತಪಾಸಣೆ ಬೇಸರ ತರಿಸಿರಬಹುದು. ಅದು ಯಾಕೆಂದು ಈಗ ನಿಮಗೆ ತಿಳಿದಿದೆ. ಉಳಿದವರಿಗೆ ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ 21 ವರ್ಷ ತುಂಬದವರಿಗೆ ಬಂದೂಕಿನ ಪರವಾನಗಿ ಇಲ್ಲ; ಕ್ರೀಡಾ ತರಬೇತಿಗೆ ಮಾತ್ರ ಬೇರೆ ನಿಯಮಗಳಿವೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದಿವೆ. ಬಂದೂಕಿನ ಬಿಡಿಭಾಗಗಳೂ ಈ ಕಾಯಿದೆಯ ವ್ಯಾಪ್ತಿಯಲ್ಲೇ ಬರುತ್ತವೆ. ಎಲ್ಲೋ ಒಂದು ಮ್ಯಾಗಜೀನ್ ಬಿದ್ದಿದ್ದು ಕಂಡರೆ ಮುಟ್ಟದೆ ಠಾಣೆಗೆ ತಿಳಿಸಿ.

ನಮ್ಮ ರಾಜ್ಯದಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಅಲ್ಲಿ ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಅದನ್ನು ಚಿತ್ರೀಕರಿಸಲು ಹೋಗಿದ್ದಾಗ ನಾನು ಗಮನಿಸಿದ್ದು ಹಿರಿಯರ ಕೈಗಳನ್ನು. ಕೋವಿ ಕೈಗೆ ಬಂದೊಡನೆ ಮೊದಲು ಮಡಿಸಿ, ನಳಿಗೆಯಲ್ಲಿ ಬೆಳಕು ನೋಡಿ, ಆಮೇಲೆ ಮಾತಿಗೆ ತೊಡಗುತ್ತಿದ್ದರು.

ಮೊನ್ನೆ ದಫೇದಾರರನ್ನು ಕೇಳಿದೆ, "ಸೊಂಟದ ಆ ಮ್ಯಾಗಜೀನನ್ನು ಕರ್ತವ್ಯದಲ್ಲಿ ಎಷ್ಟು ಸಲ ಬಳಸಿದಿರಿ?"

"ಒಂದು ಸಲಾನೂ ಇಲ್ಲ ಸಾರ್," ಎಂದರು. "ಆದ್ರೆ ಪ್ರತಿ ಭಾನುವಾರ ಬಿಚ್ಚಿ ಒರೆಸಿಡ್ತಿದ್ದೆ."